ಎರಡಕ್ಕೂ ಆಗುವ ಪರದೆ

ನಮ್ಮ ಮನೆಯವರ ಹೆಸರು ಅಯ್ಯಣ್ಣ. ಅವರು ಇರುವ ತನಕ ಆ ಹೆಸರನ್ನು ನಾನು ಬಾಯಲ್ಲಿ ತಂದವಳಲ್ಲ. ಈಗ ಬರೆಯುತ್ತಿದ್ದೇನೆ. ಬರೆಯುವಾಗಲೂ ಕೈ ಹಿಂದೆ ಮುಂದೆ ಆಗುತ್ತದೆ. ನಾನು ಗೊಲ್ಲಾಳಮ್ಮ, ನಾಲ್ಕನೇ ತರಗತಿ ಓದಿದವಳು. ತಪ್ಪಿದ್ದರೆ ತಿದ್ದಿಕೊಳ್ಳಿರಿ.

ಸುರಪುರದ ರಂಗಂಪೇಟೆಯಲ್ಲಿ ನಮ್ಮ ಮನೆ. ಮುಂದಿನ ಕೋಣೆಯೇ ಅವರ ಅಂಗಡಿ. ಮೊದಲು ಕುಂಚ ಹಿಡಿದು ಬೋರ್ಡು ಬರೆಯುತ್ತಿದ್ದರು. ಟ್ರ್ಯಾಕ್ಟರಿನ ಹಿಂದೆ, ಶಾಲೆಯ ಗೋಡೆಗೆ, ಕಿರಾಣಿ ಅಂಗಡಿಗಳ ಮೇಲೆ ಅವರದೇ ಅಕ್ಷರ ಇರುತ್ತಿದ್ದವು. ಫ್ಲೆಕ್ಸ್ ಬ್ಯಾನರ್ ಬಂದ ಮೇಲೆ ಕುಂಚದ ಕೆಲಸ ನಿಂತಿತು. ಕೆಲವು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಆಮೇಲೆ ಒಂದು ಹಳೆಯ ಕಂಪ್ಯೂಟರ್ ತಂದು, ಚಿಕ್ಕ ಹುಡುಗರ ಕೈಲಿ ಬೈಸಿಕೊಂಡು ಕೆಲಸ ಕಲಿತರು. ಹುಟ್ಟುಹಬ್ಬ, ಮದುವೆ, ಸತ್ತವರ ಶ್ರದ್ಧಾಂಜಲಿ, ಎಲ್ಲ ಬ್ಯಾನರಿಗೂ ಫೋಟೋ, ಅಕ್ಷರ ಕೂಡಿಸುತ್ತಿದ್ದರು. ಕೂಡಿಸಿದ್ದನ್ನು ಶಹಾಪುರದ ವಹಾಬನಿಗೆ ಕಳಿಸಿದರೆ ಅವನು ತನ್ನ ಮಶೀನಿನಲ್ಲಿ ಛಾಪಿಸಿ, ಸುರುಳಿ ಸುತ್ತಿ, ಬಸ್ಸಿಗೆ ಹಾಕುತ್ತಿದ್ದ.

ನಮಗೆ ಮಕ್ಕಳಾಗಲಿಲ್ಲ. ಆ ಕೋಣೆಗೆ ಬಂದು ಹೋಗುವ ಜನರೇ ನಮಗೆ ಮನೆಯ ಗದ್ದಲ.

ಸಕ್ಕರೆ ಕಾಯಿಲೆ ಅವರಿಗೆ ಬಹಳ ದಿನದಿಂದ ಇತ್ತು. ಗುಳಿಗೆ ನುಂಗಿ, ಮೇಲೆ ಒಂದು ಬೆಲ್ಲದ ಚಹಾ ಕುಡಿಯುವ ಮನುಷ್ಯ. ಒಂದು ಬೆಳಿಗ್ಗೆ ವಹಾಬ ತಾನೇ ಬ್ಯಾನರ್ ಹಿಡಿದು ಬಂದು ಬಾಗಿಲಲ್ಲಿ ನಿಂತ. ಇವರು ತಲೆ ಎತ್ತಿ ನೋಡಿ, "ಯಾರು ಬೇಕ್ರಿ?" ಎಂದು ಕೇಳಿದರು.

"ಏನಣ್ಣಾ, ಬಾಕಿ ಕೇಳಾಕ ಬಂದೀನಂತ ಗುರುತಾ ಮರತಿಯೇನು?" ಎಂದು ವಹಾಬ ನಕ್ಕ. ಇವರೂ ನಕ್ಕರು. ಒಲೆಯ ಮುಂದೆ ಕುಳಿತ ನಾನು ಮಾತ್ರ ನಗಲಿಲ್ಲ. ಅವರು ನಟನೆ ಮಾಡಿರಲಿಲ್ಲ.

ಕಲಬುರಗಿಯಲ್ಲಿ ಕಣ್ಣಿನ ಡಾಕ್ಟರು ನೋಡಿದರು. ಸಕ್ಕರೆ ಕಣ್ಣಿಗೆ ಇಳಿದಿದೆ, ಕಣ್ಣಿನ ಹಿಂದೆ ನೀರು ತುಂಬಿದೆ ಎಂದರು. ಕಣ್ಣಿಗೇ ಸೂಜಿ ಚುಚ್ಚಿದರು. ದೃಷ್ಟಿ ಇನ್ನೂ ಹೋಗದಂತೆ ನೋಡಬಹುದು, ಹೋದದ್ದು ಬರುತ್ತದೆ ಎಂದು ಹೇಳಲಾರೆ ಎಂದರು. ಹೊರಗೆ ಬಂದ ಮೇಲೆ ಇವರು ಹೇಳಿದ್ದು ಒಂದೇ ಮಾತು.

"ಊರಾಗ ಯಾರಿಗೂ ಹೇಳಬ್ಯಾಡ. ಕಣ್ಣಿಲ್ಲದವನ ಕೈಯಾಗ ಯಾವನು ಬ್ಯಾನರ್ ಕೊಡ್ತಾನ?"

"ಕೆಲಸ ಹೆಂಗ ಮಾಡ್ತೀರಿ?" ಅಂದೆ.

"ದೊಡ್ಡ ಪರದೆ ತರೋಣು. ದೊಡ್ಡದಾದ್ರ ಕಾಣತದ. ಯಾರರ ಕೇಳಿದ್ರ, ಸಿನಿಮಾ ನೋಡಾಕ ತಂದೀವಿ ಅನ್ನು."

ಅದು ಪೂರಾ ಸುಳ್ಳೂ ಅಲ್ಲ. ಸಿನಿಮಾ ಎಂದರೆ ಅವರಿಗೆ ಊಟ ಬೇಡ. ಮದುವೆಯಾದ ಹೊಸದರಲ್ಲಿ ಮಾತಿಗಿಂತ ಹೆಚ್ಚು ಟಾಕೀಸಿನ ಕತ್ತಲಲ್ಲೇ ನನ್ನ ಜೊತೆ ಕುಳಿತಿದ್ದರು.

ಯಾದಗಿರಿಗೆ ಹೊರಟೆವು. ಶಹಾಪುರ ದಾಟುವಾಗ, "ಗುಡ್ಡ ಕಾಣಾಕತ್ತದ ನೋಡು" ಎಂದು ಸಂತೋಷಪಟ್ಟರು. ನನಗೂ ಧೈರ್ಯ ಬಂತು. ಆದರೆ ಟಿಕೆಟ್ಟಿನ ರೊಕ್ಕವನ್ನು ಕಂಡಕ್ಟರನಿಗೆ ಕೊಡದೆ, ಪಕ್ಕದಲ್ಲಿ ನಿಂತಿದ್ದ ಒಬ್ಬ ಮುದುಕನ ಕೈಗೆ ಇಟ್ಟರು. ಅವನು ಮಿಕಿಮಿಕಿ ನೋಡಿದ. ನಾನು ನೋಟು ತೆಗೆದುಕೊಂಡು ಕಂಡಕ್ಟರನಿಗೆ ಕೊಟ್ಟೆ.

ಅಲ್ಲಿ ಟಿವಿ ಅಂಗಡಿಯ ಮಾಲೀಕ ಭಗವಂತರಾಯ. ಒಳ್ಳೆಯ ಮಾತುಗಾರ.

"ಬರ್ರಿ ಅಕ್ಕಾರ, ಕೂಡ್ರಿ. ಎಷ್ಟು ದೊಡ್ಡದು ಬೇಕ್ರಿ?"

"ಇದ್ದದ್ರಾಗ ದೊಡ್ಡದು" ಎಂದರು ಇವರು. "ನಾ ಬ್ಯಾನರ್ ಮಾಡೋ ಪೇಂಟರ್. ಎರಡಕ್ಕೂ ಆಗಬೇಕು. ಹಗಲಿ ಕಂಪ್ಯೂಟರ್ ಕೆಲಸ, ಸಂಜಿಗಿ ಸಿನಿಮಾ."

"ಒಂದಾ ಎತ್ತು, ಹೊಲಕ್ಕೂ ಬೇಕು, ಮೆರವಣಿಗಿಗೂ ಬೇಕು ಅಂದಂಗಾತು. ಖೋಲಿ ಎಷ್ಟು ಅಗಲ ಅದರಿ? ಸಿನಿಮಾ ದೂರ ಕುಂತು ನೋಡ್ತಾರ, ಕಂಪ್ಯೂಟರ್ ಹತ್ರ ಕುಂತು ನೋಡ್ತಾರ. ಅಲ್ಲೇ ಬರ್ತದ ನೋಡ್ರಿ ತಕರಾರು."

ಅವನು ಬಿಡಿಸಿ ಹೇಳಿದ. ಕಂಪ್ಯೂಟರಿಗೆಂದೇ ಮಾಡಿದ್ದು ಸಣ್ಣದು. ಅಕ್ಷರ ಸಾಫ್ ಇರುತ್ತವೆ, ಬಣ್ಣ ಇದ್ದದ್ದು ಇದ್ದಂತೆ ಕಾಣುತ್ತದೆ, ಬಾಗಿಲ ಬೆಳಕು ಬಿದ್ದರೂ ಹೊಳೆಯುವುದಿಲ್ಲ. ಟಿವಿ ದೊಡ್ಡದು, ಮುಖ ಮಿರಿಮಿರಿ ಕಾಣುತ್ತವೆ, ಸದ್ದು ಅದರಲ್ಲೇ ಇರುತ್ತದೆ. ಆದರೆ ಅಗ್ಗದ ದೊಡ್ಡ ಟಿವಿಯ ಹತ್ತಿರ ಕುಳಿತರೆ ಎಲ್ಲ ಒಡೆದು ಕಾಣುತ್ತದೆ.

"ಬಾಯಿಲೆ ಹೇಳೋದು ಯಾಕ? ತೋರಿಸೇ ಬಿಡ್ತೀನಿ" ಎಂದು ಅಕ್ಕಪಕ್ಕ ಎರಡು ಪರದೆ ಇಟ್ಟ. ಎರಡರ ಮೇಲೂ ಒಂದೇ ಹೆಂಗಸಿನ ಮುಖ ಹಾಕಿದ. "ಈಗ ಹೇಳ್ರಿ ಪೇಂಟರ್ ಸಾಹೇಬ್ರ, ಯಾವ್ದು ಸಾಫ್ ಅದ?"

ನನಗೆ ಕಾಣುತ್ತಿತ್ತು. ಎಡಗಡೆಯ ದೊಡ್ಡದರಲ್ಲಿ ಮುಖ ಕಲಸಿದ ಹಿಟ್ಟಿನಂತಿತ್ತು. ಬಲಗಡೆಯದರಲ್ಲಿ ಆಕೆಯ ರೆಪ್ಪೆ ಕೂಡ ಬೇರೆ ಬೇರೆ ಕಾಣುತ್ತಿದ್ದವು. ಇವರು ಒಂದು ಹೆಜ್ಜೆ ಮುಂದೆ ಹೋದರು. ತಲೆ ಓರೆ ಮಾಡಿದರು. ಅಂಗಡಿಯ ಕೆಲಸದವರೂ ನಿಂತು ನೋಡುತ್ತಿದ್ದರು.

"ಎಡಗಡೀದು" ಎಂದರು.

ಭಗವಂತರಾಯ ಜೋರಾಗಿ ನಕ್ಕ. "ಮಜಾಕ್ ಮಾಡಬ್ಯಾಡ್ರಿ ಸಾಹೇಬ್ರ!"

"ಮಜಾಕೇ ಮಾಡಿದೆ" ಎಂದು ಇವರೂ ನಕ್ಕರು. ಆ ನಗು ತಡವಾಗಿ ಬಂತು. ಅವರ ಕೈ ನನ್ನ ಸೆರಗಿನ ಮರೆಯಲ್ಲಿ ನನ್ನ ಕೈಯನ್ನು ಹುಡುಕಿತು. ತುಟಿ ಅಲುಗಿಸದೆ, "ಯಾವ್ದು?" ಎಂದು ಕೇಳಿದರು.

"ಬಲಗಡೀದು. ಖರೇ, ಅದು ಸಣ್ಣದು."

"ದೊಡ್ಡದ್ರಾಗ ಸಾಫ್ ಇದ್ದದ್ದು ಕೊಡ್ರಿ" ಎಂದರು ಅವನಿಗೆ.

ಒಳಗಿನಿಂದ ಇನ್ನೊಂದು ಟಿವಿ ತಂದರು. ದೊಡ್ಡದು, ಮುಖವೂ ಸಾಫ್. ಅದನ್ನೇ ಹಿಡಿದೆವು. ಕಟ್ಟುವಾಗ ಭಗವಂತರಾಯ ರಿಮೋಟು ನನ್ನ ಕೈಗೆ ಕೊಟ್ಟು ಹೇಳಿದ: "ಅಕ್ಕಾರ, ಒಂದು ನಿಗಾ ಇರಲಿ. ಸಿನಿಮಾದ ಸೆಟ್ಟಿಂಗ್ ಬ್ಯಾರಿ, ಕೆಲಸದ್ದು ಬ್ಯಾರಿ. ಸಿನಿಮಾದಾಗ ಇಟ್ರ ಎಲ್ಲಾದ್ರ ಮ್ಯಾಲ ಹಳದಿ ಬೆಳಕು ಬೀಳತದ. ಕಣ್ಣಿಗಿ ತಂಪು. ಆದ್ರ ಬಣ್ಣದ ಕೆಲಸಕ್ಕ ಅದು ಮೋಸ. ಕೆಲಸಕ್ಕ ಕೂಡೂ ಮುಂದ ತಿರುವಿಬಿಡ್ರಿ."

ಗೋಡೆಗೆ ಹಾಕಿದ ದಿನ ಓಣಿಯ ಜನವೆಲ್ಲ ಬಂದು ನೋಡಿದರು. "ಅಯ್ಯಣ್ಣ ಮನ್ಯಾಗ ಟಾಕೀಜ್ ತಗದಾನ" ಎಂದು ಆಡಿಕೊಂಡರು. ಇವರಿಗೆ ಅದೇ ಬೇಕಾಗಿತ್ತು. ಯಾರೂ ಕಣ್ಣಿನ ಮಾತು ಎತ್ತಲಿಲ್ಲ.

ಅಕ್ಷರದ ಕೆಲಸ ನಡೆಯಿತು. ಒಂದೊಂದು ಅಕ್ಷರವನ್ನು ರೊಟ್ಟಿಯಷ್ಟು ದೊಡ್ಡದು ಮಾಡಿಕೊಂಡು ನೋಡುತ್ತಿದ್ದರು. ಅಕ್ಷರ ಅವರ ಕೈಗೆ ಗೊತ್ತು. ಮುಖ ಗೊತ್ತಿರಲಿಲ್ಲ. ಫೋಟೋಗಳಲ್ಲಿ ಅಂಗಿ, ತಲೆಯ ಪಟಗ, ಸೀರೆ ನೋಡಿ ಆರಿಸುತ್ತಿದ್ದರು. ನಾನು ಪಕ್ಕಕ್ಕೆ ಹೋಗಿ ನಿಂತರೆ, "ನಿನ್ನ ಕೆಲಸ ನೋಡು ಹೋಗು" ಎಂದು ಗದರುತ್ತಿದ್ದರು. ಸಂಜೆ ಸಿನಿಮಾ ಹಾಕುತ್ತಿದ್ದರು. ಓಣಿಯವರು ನಕ್ಕರೆ ಒಂದು ಗಳಿಗೆ ತಡೆದು ತಾವೂ ನಗುತ್ತಿದ್ದರು. ನಾನು ಸಿನಿಮಾ ನೋಡುತ್ತಿರಲಿಲ್ಲ, ಅವರನ್ನೇ ನೋಡುತ್ತಿದ್ದೆ. ಯಾರಾದರೂ ತಿರುಗಿ, "ಆಕಿ ಯಾರು, ಗುರುತು ಹಿಡಿ ನೋಡೋಣು" ಎಂದು ಕೇಳಿಬಿಟ್ಟರೆ ಎಂದು ಅವರ ಪಕ್ಕದಲ್ಲೇ ಕೂಡುತ್ತಿದ್ದೆ.

ಆಗ ದೇವಾಪುರದಲ್ಲಿ ಮರಿಲಿಂಗಪ್ಪ ಎಂಬವನು ಸತ್ತ. ದುಡಿಯುವ ವಯಸ್ಸು. ಅವನ ತಮ್ಮ ಸುನೀಲಕುಮಾರ ಮೊಬೈಲಿಗೆ ಒಂದು ಫೋಟೋ ಕಳಿಸಿದ. ಯಾವುದೋ ಮದುವೆಯಲ್ಲಿ ಅಣ್ಣತಮ್ಮ ಇಬ್ಬರೂ ಹೆಗಲ ಮೇಲೆ ಕೈ ಹಾಕಿ ನಿಂತದ್ದು. ಜೊತೆಗೆ ಅವನ ಅಳುವ ದನಿ. "ತೆಳು ಹಳದಿ ಅಂಗ್ಯಾಗ ಇದ್ದಾನಲ್ಲ, ಅಂವ ನಮ್ಮಣ್ಣ. ಬಿಳಿ ಅಂಗ್ಯಾಗ ನಾ ಇದ್ದೀನಿ. ನನ್ನ ತಗದು ಅವನ್ನ ಅಷ್ಟೇ ಇಡ್ರಿ."

ಹಿಂದಿನ ಸಂಜೆ ಸಿನಿಮಾ ನೋಡಿದ್ದರು. ಸೆಟ್ಟಿಂಗ್ ಹಾಗೇ ಉಳಿದಿತ್ತು. ನಾನು ಬಾವಿಯ ಕಡೆ ಹೋಗಿದ್ದೆ. ಪರದೆಯ ಮೇಲೆ ಬಿಳಿಯೂ ಹಳದಿ, ಹಳದಿಯೂ ಹಳದಿ. ಮುಖ ಅವರಿಗೆ ಕಾಣದು. ಒಬ್ಬನನ್ನು ಇಟ್ಟರು, ಒಬ್ಬನನ್ನು ತೆಗೆದರು.

ಮದುವೆಯ ಬ್ಯಾನರ್ ಆದರೆ ಛಾಪಿಸುವ ಮುಂಚೆ ಮನೆಯವರ ಮೊಬೈಲಿಗೆ ಕಳಿಸಿ, ಹೌದೋ ಅಲ್ಲವೋ ಕೇಳುತ್ತಿದ್ದರು. ಸಾವಿನ ಬ್ಯಾನರಿಗೆ ಕೇಳುತ್ತಿರಲಿಲ್ಲ. ಅಳುವ ಮನೆಗೆ "ಹೆಂಗ ಆಗ್ಯಾದ ನೋಡ್ರಿ" ಎಂದು ಕಳಿಸಬಾರದು ಎಂಬುದು ಅವರು ಮೊದಲಿನಿಂದ ಪಾಲಿಸಿದ ರೀತಿ. ನೇರ ವಹಾಬನಿಗೆ ಹೋಯಿತು. ಅಲ್ಲಿಂದ ಬಸ್ಸಿನಲ್ಲಿ ದೇವಾಪುರಕ್ಕೆ ಹೋಯಿತು. ಅಲ್ಲಿಯ ಓಣಿಯ ಹುಡುಗರು ನಸುಕಿನ ಕತ್ತಲಲ್ಲಿ ಊರ ಮುಂದೆ ಕಟ್ಟಿದರು. ಬೆಳಕು ಹರಿದ ಮೇಲೆ ಮರಿಲಿಂಗಪ್ಪನ ತಾಯಿ ದೇವಕಮ್ಮ ನೋಡಿದಳು. ಒಬ್ಬ ಮಗನನ್ನು ಮಣ್ಣು ಮಾಡಿ ಬಂದವಳು. ಬ್ಯಾನರಿನಲ್ಲಿ ಹಾರ ಹಾಕಿ ದೀಪ ಹಚ್ಚಿದ್ದು ಉಳಿದ ಮಗನಿಗೆ. ಅಲ್ಲೇ ಎಚ್ಚರ ತಪ್ಪಿ ಬಿದ್ದಳಂತೆ.

ವಹಾಬನ ಫೋನು ಬಂತು. "ಭಾಬಿ, ಬಾಗಲಾ ಹಾಕ್ಕೋರಿ. ದೇವಾಪುರದವರು ಬರಾಕತ್ತಾರ. ಅಣ್ಣ ಬೇರೆಯವರ ಮಾತು ಕೇಳಿ ಬೇಕಂತ ಮಾಡ್ಯಾನಂತ ಅವ್ರ ಬಾಯಾಗ ಅದ. ನಾನೂ ಅಲ್ಲಿಗೆ ಹೊಂಟೀನಿ."

ನಾನು ಅಗಳಿ ಹಾಕಿದೆ. ಇವರು ಖುರ್ಚಿಯ ಮೇಲೆ ಕುಳಿತೇ ಇದ್ದರು.

"ಹೇಳಿಬಿಡೋಣ್ರಿ. ಕಣ್ಣಿಂದು ಹೇಳಿಬಿಡೋಣು" ಅಂದೆ.

"ಹೇಳಿದ್ರ ನಾಳಿಯಿಂದ ಈ ಖೋಲಿಗಿ ಯಾರೂ ಬರಂಗಿಲ್ಲ."

"ಹೇಳದಿದ್ರ ಇವತ್ತಾ ಹೊಡೀತಾರ."

ಹೊರಗೆ ಮೋಟರ್‌ಸೈಕಲ್ ನಿಂತವು. ಬಾಗಿಲು ಬಡಿದರು. ಎರಡನೆಯ ಸಲ ಬಡಿದಾಗ ಕೀಲು ಕದಲಿತು. "ತಗಿ" ಎಂದರು ಇವರು.

ಸುನೀಲಕುಮಾರ ಒಳಗೆ ಬಂದ. ಕಂಕುಳಲ್ಲಿ ಸುತ್ತಿದ ಬ್ಯಾನರ್. ಹಿಂದೆ ನಾಲ್ಕೈದು ಜನ. ಒಬ್ಬನ ಕೈಯಲ್ಲಿ ಬಡಿಗೆ.

"ನಾ ಸತ್ತೀನೇನೋ? ಹೇಳು, ಸತ್ತೀನೇನು?"

ಇವರು ದನಿ ಬಂದ ಕಡೆ ಮುಖ ಎತ್ತಿದರು. "ಯಾರು... ಸುನೀಲಾ?"

"ನಿನ್ನ ಮೂಗಿನ ಮುಂದ ನಿಂತೀನಿ, ಯಾರಂತ ಕೇಳ್ತಿ! ಯಾರು ಹೇಳಿ ಮಾಡ್ಸಿದ್ರು? ನಮ್ಮನಿ ಮುಳುಗಿಸಬೇಕಂತ ಯಾರು ಬಂದಿದ್ರು ನಿನ್ನಲ್ಲಿ?"

"ಯಾರೂ ಇಲ್ಲಪಾ."

"ಮತ್ತ ಹೆಂಗಾತು? ಇಬ್ಬರಾಗ ಒಬ್ಬವನ್ನ ಆರಿಸಾಕ ಬರಲಿಲ್ಲೇನು? ಶೆರೆ ಹಚ್ಚಿದ್ದಿಯೇನು ಹಗಲ್ಯಾಗ?"

"ಹಚ್ಚಿರಬೇಕು" ಎಂದ ಬಡಿಗೆಯವನು. "ಟಾಕೀಜ್ ಮಾಲೀಕ ಅಲ್ಲೇನು ಈಗ!"

ಇವರು ಕುಡಿತದ ಹೆಸರನ್ನಾದರೂ ಹೊರುತ್ತಾರೆ, ಕಣ್ಣಿನ ಮಾತು ಆಡುವುದಿಲ್ಲ ಎಂದು ನನಗೆ ತಿಳಿಯಿತು. ಬಡಿಗೆಯವನು ಒಂದು ಹೆಜ್ಜೆ ಮುಂದೆ ಇಟ್ಟ. ನಾನು ನಡುವೆ ಹೋಗಿ ನಿಂತೆ.

ಸುನೀಲ ಬ್ಯಾನರನ್ನು ಬಿಡಿಸಿದ. ಅವರ ಮುಖದ ಮುಂದೆ ಹಿಡಿದ. "ನೋಡು. ನೋಡಿ ಹೇಳು. ಯಾರಂವ?"

ಇವರು ಬಹಳ ಹೊತ್ತು ನೋಡಿದರು. ಕೈ ಚಾಚಿ ಮುಟ್ಟಿದರು. ಬೆರಳು ಹಾರದ ಗುಂಟ ಒಂದು ಸುತ್ತು ಹೋಯಿತು.

"ಹಾರ ಕಾಣಾಕತ್ತದ" ಎಂದರು. "ದೀಪ ಕಾಣಾಕತ್ತದ. ನಡುವ ಏನೂ ಇಲ್ಲಪಾ. ನನಗ ನಡುವ ಏನೂ ಕಾಣಂಗಿಲ್ಲ."

ಸುನೀಲ ಬ್ಯಾನರಿನ ಮೇಲಿನಿಂದ ಅವರ ಕಣ್ಣನ್ನೇ ನೋಡಿದ. ತನ್ನ ಕೈಯನ್ನು ಅವರ ಮುಖದ ಮುಂದೆ ಆಡಿಸಿದ. ಅವರು ರೆಪ್ಪೆ ಬಡಿಯಲಿಲ್ಲ.

"ಎಷ್ಟು ದಿನಾತು?" ಎಂದು ನನ್ನನ್ನು ಕೇಳಿದ. ಆ ದನಿಯಲ್ಲಿ ಸಿಟ್ಟು ಇರಲಿಲ್ಲ. ನಾನು ಕಲಬುರಗಿಯ ಮಾತು ಹೇಳಿದೆ. ಬಡಿಗೆ ಹಿಡಿದವನು ಮೊದಲು ಹೊರಗೆ ಹೋದ.

"ಇವತ್ತಾ ಬೇಕು" ಎಂದ ಸುನೀಲ ಕೊನೆಗೆ. "ಅಣ್ಣಂದು. ನಮ್ಮವ್ವ ಈ ಮುಖ ಮತ್ತ ಅಲ್ಲಿ ನೋಡಬಾರದು. ವೈನಿ, ನೀವು ನೋಡಿ ಹೇಳ್ರಿ, ಅವ್ರು ಮಾಡಲಿ."

ಅವನು ಅಲ್ಲೇ ನಿಂತಿರುವಾಗ ಮಾಡಿದೆವು. ಸೆಟ್ಟಿಂಗ್ ತಿರುವಿದೆ. ಬಿಳಿ ಬಿಳಿಯಾಯಿತು. ನಾನು ತೋರಿಸಿದೆ, ಅವರ ಕೈ ಮಾಡಿತು. ವಹಾಬ ಅಷ್ಟರಲ್ಲಿ ಬಂದಿದ್ದ, ತಾನೇ ಶಹಾಪುರಕ್ಕೆ ಒಯ್ದ.

ಸುದ್ದಿ ಹೋಗುವಷ್ಟು ಊರಿಗೆ ಹೋಯಿತು. ಹಲವರು ಬೇರೆ ಅಂಗಡಿಗೆ ನಡೆದರು. ಬರುವವರು ಬಾಗಿಲಲ್ಲೇ, "ಗೊಲ್ಲಾಳಮ್ಮ ಅದಾಳೇನು?" ಎಂದು ಕೇಳಿ ಒಳಗೆ ಕಾಲಿಡುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಅವರು ಕುಗ್ಗುತ್ತಿದ್ದರು. ನಾನು ಇದ್ದೇನೆ ಎಂದು ಒಳಗಿನಿಂದ ಕೂಗುತ್ತಿದ್ದೆ. ಸೂಜಿ ಚುಚ್ಚಿಸಿದೆವು, ಮತ್ತೆ ಚುಚ್ಚಿಸಿದೆವು. ಸಕ್ಕರೆ ಆಮೇಲೆ ಮೂತ್ರಪಿಂಡಕ್ಕೆ ಇಳಿಯಿತು. ಅದೇ ಅವರನ್ನು ಒಯ್ದಿತು. ಇನ್ನೂ ವರ್ಷ ತುಂಬಿಲ್ಲ.

ಹಾಸಿಗೆ ಹಿಡಿಯುವ ಮುಂಚಿನ ದಿನಗಳಲ್ಲಿ ಸಂಜೆಗೆ ಸಿನಿಮಾ ಹಾಕು ಎನ್ನುತ್ತಿದ್ದರು. ಓಣಿಯವರು ಬರುವುದು ಬಿಟ್ಟಿದ್ದರು, ನಾವಿಬ್ಬರೇ. ನಾನು ಕಂಡದ್ದು ಕಂಡಂತೆ ಹೇಳಬೇಕು. ಬಾಗಿಲು ತೆಗೆದ, ಒಳಗೆ ಬಂದ, ಆಕೆ ಅಳುತ್ತಿದ್ದಾಳೆ. ಒಂದು ಸಂಜೆ ಹೇಳಿ ಹೇಳಿ ದಣಿದು ನಾನು ಸುಮ್ಮನಾದೆ. ಸಿನಿಮಾದಲ್ಲೂ ಆಗ ಯಾರೂ ಮಾತಾಡುತ್ತಿರಲಿಲ್ಲ. ಅವರು ನನ್ನ ರಟ್ಟೆ ಗಟ್ಟಿಯಾಗಿ ಹಿಡಿದರು.

"ಯಾಕ ಸುಮ್ಮನಾದಿ? ಹೇಳು. ನೀ ಸುಮ್ಮನಾದ್ರ ನನಗ ಅಂಜಿಕಿ ಬರ್ತದ."

ಅವರ ಬಾಯಿಂದ ಅಂಜಿಕೆ ಎಂಬ ಮಾತನ್ನು ಅದಕ್ಕೂ ಮೊದಲು ನಾನು ಕೇಳಿರಲಿಲ್ಲ. ಪರದೆಯ ಮೇಲೆ ಒಬ್ಬಾಕೆ ಅಂಗಳದಲ್ಲಿ ಕುಳಿತು ಪಲ್ಯ ಸೋಸುತ್ತಿದ್ದಳು. ಅದನ್ನೇ ಹೇಳಿದೆ. ಆಕೆಯ ಸೀರೆಯ ಬಣ್ಣ ಹೇಳಿದೆ, ಬುಟ್ಟಿ ಹೇಳಿದೆ, ಹಿಂದಿನ ಗೋಡೆ ಹೇಳಿದೆ. ಅವರ ಕೈ ಸಡಿಲಾಗುವ ತನಕ ಹೇಳಿದೆ.