ಲಗಮವ್ವ ಕುಳಿತು ಮಳೆ ನೋಡಿದ್ದು

ಐವತ್ತೆಂಟು ವರ್ಷದಲ್ಲಿ ಎಷ್ಟು ಮಳೆಗೆ ತೊಯ್ದಿದ್ದಳೋ ಲಗಮವ್ವನಿಗೇ ಗೊತ್ತಿಲ್ಲ. ಆದರೆ ಒಂದು ಮಳೆಯನ್ನೂ ಅವಳು ಕುಳಿತು ನೋಡಿರಲಿಲ್ಲ. ಬೇವೂರಿನ ಕುರಿಗಾರರ ಮನೆಯಲ್ಲಿ ಹುಟ್ಟಿದವಳು. ಬಿರುಗಾಳಿ ಎದ್ದರೆ ಕುರಿಗಳು ಗಾಳಿಗೆ ಬೆನ್ನು ಕೊಟ್ಟು ಒತ್ತಾಗಿ ನಿಲ್ಲುತ್ತವೆ. ಅವಳೂ ಕಂಬಳಿ ಹೊದ್ದು ಹಾಗೆಯೇ ನಿಲ್ಲುತ್ತಿದ್ದಳು. ಮಳೆಯೆಂದರೆ ಅವಳಿಗೆ ಬೆನ್ನ ಮೇಲಿನ ಭಾರ, ಎದೆಗವಚಿಕೊಂಡ ಮರಿಯ ನಡುಕ.

ಗಂಡ ಅಮಸಿದ್ದಪ್ಪ ಹುನಗುಂದದವನು, ಸರ್ಕಾರಿ ಬಸ್ಸಿನ ಚಾಲಕ. ಮಳೆಗಾಲದಲ್ಲಿ ಅವನು ಮನೆಗೆ ಬಂದು ಊಟಕ್ಕೆ ಕುಳಿತಾಗಲೆಲ್ಲ ಲಗಮವ್ವ ಕೇಳುತ್ತಿದ್ದಳು, "ಗಾಜಿನಾಗಿಂದ ಮಳಿ ಹೆಂಗ ಕಾಣತೈತ್ರಿ?"

"ಐವತ್ತು ಮಂದಿ ಜೀವ ಬೆನ್ನಿಗಿರತಾವು. ನಾ ರಸ್ತೆ ನೋಡ್ತೇನಿ. ಮಳಿ ಯಾರು ನೋಡ್ತಾರ?" ಎನ್ನುತ್ತಿದ್ದ ಅವನು.

ನಿವೃತ್ತಿಯಾದ ವರ್ಷವೇ ಅಮಸಿದ್ದಪ್ಪ ಯಾವುದೋ ಶಾಲೆಯ ಹಳೆಯ ಮಿನಿಬಸ್ ಕೊಂಡು ಇಳಕಲ್ಲಿನ ವೆಲ್ಡಿಂಗ್ ಖಾಸಿಂಸಾಬನ ಅಂಗಡಿ ಮುಂದೆ ತಂದು ನಿಲ್ಲಿಸಿದ. ಸೀಟುಗಳೆಲ್ಲ ಹೊರಗೆ ಬಂದವು. ಗ್ಯಾಸಿನ ಒಲೆಗೊಂದು ಕಟ್ಟೆ, ನೀರಿನ ಡ್ರಮ್ಮು, ಅಗಲವಾದ ಒಂದು ಮಂಚ ಒಳಗೆ ಹೋದವು. ಮಂದಿ ನಕ್ಕು ಅದಕ್ಕೆ 'ಗಾಲಿಮನಿ' ಎಂದು ಹೆಸರಿಟ್ಟರು. ಲಗಮವ್ವ ಕೇಳಿದ್ದು ಒಂದೇ. ಹಿಂದಿನ ದೊಡ್ಡ ಗಾಜು ತೆಗೆಯಬಾರದು, ಮಂಚ ಅದರ ಕೆಳಗೇ ಇರಬೇಕು. "ಅಲ್ಲಿಂದ ಏನ್ ಕಾಣತೈತಬೇ, ಬಿಟ್ಟು ಬಂದ ರಸ್ತೆ ಅಷ್ಟ," ಎಂದು ಖಾಸಿಂಸಾಬ ನಕ್ಕ. ಆದರೂ ಹಾಗೇ ಮಾಡಿಕೊಟ್ಟ.

ಮೇ ತಿಂಗಳ ಕೊನೆಯಲ್ಲಿ ಇಬ್ಬರೂ ಮೊದಲ ಸಲ ಹೊರಟರು. ಶಿವಯೋಗ ಮಂದಿರಕ್ಕೆ ಹೋಗಿ ಮಲಪ್ರಭೆಯ ದಂಡೆಯಲ್ಲಿ ನಾಲ್ಕು ದಿನ ಇದ್ದು ಬರುವುದೆಂದು ಮಾತಾಗಿತ್ತು. ಬೇವೂರು ದಾಟಿದ ಮೇಲೆ ನಡುಮಧ್ಯಾಹ್ನವೇ ಪಡುವಣ ಕಪ್ಪಾಯಿತು. ಕೆಂಧೂಳಿನ ಗೋಡೆಯೊಂದು ಹೊಲಗಳ ಮೇಲೆ ಎದ್ದು ಬರತೊಡಗಿತು. ಅಮಸಿದ್ದಪ್ಪ ಹಳೆಯ ರೂಢಿಯಂತೆ ವೇಗ ಹೆಚ್ಚಿಸಿದ.

"ನಿಂದರಸ್ರಿ," ಎಂದಳು ಲಗಮವ್ವ.

"ಮಳಿ ಬರೂದ್ರಾಗ ಮುಂದಿನ ಊರು ಮುಟ್ಟೂಣು."

"ಯಾಕ? ಯಾರ ಬಸ್ ತಪ್ಪತೈತಿ?"

ಅಮಸಿದ್ದಪ್ಪ ವೇಗ ಇಳಿಸಿದ. ಮರಗಳಿಲ್ಲದ ಬಯಲು ನೋಡಿ, ಎತ್ತರದ ಗಟ್ಟಿ ನೆಲದಲ್ಲಿ ಗಾಡಿ ನಿಲ್ಲಿಸಿ ಹಿಂದೆ ಬಂದು ಮಂಚದ ಮೇಲೆ ಕುಳಿತ.

ಮೊದಲು ಧೂಳು ಬಂತು, ಆಮೇಲೆ ಮಣ್ಣಿನ ವಾಸನೆ, ಆಮೇಲೆ ತಗಡಿನ ಮೇಲೆ ದಪ್ಪ ದಪ್ಪ ನಾಲ್ಕು ಹನಿ. ಅರೆಗಳಿಗೆ ಎಲ್ಲ ಸುಮ್ಮನಾಗಿ, ಮರುಗಳಿಗೆಯಲ್ಲಿ ಆಕಾಶವೇ ಕಳಚಿ ಬಿತ್ತು. ಗಾಡಿ ತೊಟ್ಟಿಲಿನಂತೆ ತೂಗಿತು. ಆಣೆಕಲ್ಲು ತಗಡಿಗೆ ಬಡಿದು, ಗಾಜಿನ ಆಚೆ ಪುಟಿದು, ಎರೆ ಹೊಲದ ಮೇಲೆ ಯಾರೋ ಮಲ್ಲಿಗೆ ಚೆಲ್ಲಿದಂತೆ ಹರಡಿಕೊಂಡಿತು. ಮಿಂಚಿದಾಗ ದೂರದ ಕೆಂಪು ಗುಡ್ಡ ಒಮ್ಮೆ ಹತ್ತಿರ ಬಂದು ಹೋಗುತ್ತಿತ್ತು. ಲಗಮವ್ವ ಕೌದಿಯೊಳಗೆ ಕಾಲು ಸೇರಿಸಿ, ಗಾಜಿಗೆ ಹಣೆ ಹಚ್ಚಿ ಕುಳಿತಳು. ಹೊಲ, ರಸ್ತೆ, ಬದುವು ಒಂದೊಂದಾಗಿ ಕರಗಿದವು. ಗಾಲಿಮನಿ ನೆಲ ಬಿಟ್ಟು ಯಾವುದೋ ಬೆಳ್ಳಗಿನ ನೀರಿನಲ್ಲಿ ತೇಲುತ್ತಿದೆ ಅನಿಸಿತು ಅವಳಿಗೆ. ತಾನು ಬೆನ್ನು ತಿರುಗಿಸಿ ನಿಂತಾಗಲೆಲ್ಲ ಹಿಂದೆ ಇಷ್ಟೆಲ್ಲ ನಡೆಯುತ್ತಿತ್ತೇ?

"ಎಷ್ಟ್ ಚೆಂದ ಐತ್ರಿ," ಎಂದಳು. ಅಮಸಿದ್ದಪ್ಪನೂ ಗಾಜಿನತ್ತ ಬಾಗಿದ. ಮೂವತ್ತು ವರ್ಷ ಇದೇ ದಾರಿಯಲ್ಲಿ ಬಸ್ಸು ಓಡಿಸಿದವನು ಆ ಗುಡ್ಡವನ್ನು ಈಗಲೇ ಕಂಡಂತೆ ನೋಡುತ್ತಿದ್ದ.

ಮತ್ತೊಮ್ಮೆ ಮಿಂಚಿತು. ಆ ಬೆಳಕಿನಲ್ಲಿ ಲಗಮವ್ವನಿಗೆ ಬಯಲಿನ ನಡುವೆ ಒಂದು ಕುರಿಹಿಂಡು ಕಂಡಿತು. ಪಕ್ಕದಲ್ಲಿ ಕಂಬಳಿ ಹೊದ್ದು, ಗಾಳಿಗೆ ಬೆನ್ನು ಕೊಟ್ಟು ನಿಂತ ಒಬ್ಬ ಮನುಷ್ಯ. ಅವಳು ಗಂಡನ ತೋಳು ಹಿಡಿದು ಅಲುಗಿಸಿದಳು.

"ಹಾರ್ನ್ ಹಾಕ್ರಿ, ಲಗೂ!"

ಮೂರು ಸಲ ಹಾರ್ನ್ ಆಯಿತು. ಮಾಳಿಂಗರಾಯ ಎಂಬ ಆ ಕುರಿಗಾರ, ನಡುವಯಸ್ಸಿನವನು, ಓಡುತ್ತ ಬಾಗಿಲಿಗೆ ಬಂದ. ಕಂಬಳಿಯೊಳಗೆ ಮೂರು ಮರಿಗಳಿದ್ದವು.

"ಒಳಗ ಬಾ ತಮ್ಮಾ."

"ಕುರಿ ಬಿಟ್ಟು ಹೆಂಗ ಬರ್ಲಿ ಯಕ್ಕಾ? ಇವನ್ನಷ್ಟ ಹಿಡಕೋರಿ. ಮುಂಜಾನಿ ಹುಟ್ಟ್ಯಾವು, ಕಲ್ಲಿನ ಪೆಟ್ಟು ತಡಿಯೂದಿಲ್ಲ."

ಲಗಮವ್ವ ಮರಿಗಳನ್ನು ಕೌದಿಯಲ್ಲಿ ಸುತ್ತಿ ಗಂಡನ ಮಡಿಲಲ್ಲಿಟ್ಟಳು. ತಾನು ಇಳಿಯಲು ಮೆಟ್ಟಿಲ ಮೇಲೆ ಕಾಲಿಟ್ಟಳು. ಮಾಳಿಂಗರಾಯ ತಡೆದ. "ಇಬ್ಬರೂ ಯಾಕ ತೊಯ್ಯೂದ್ರಿ? ನೀವು ಒಳಗ ಕುಂದರ್ರಿ," ಎಂದವನೇ ಹಿಂಡಿನತ್ತ ತಿರುಗಿದ. ಅಮಸಿದ್ದಪ್ಪ ತನ್ನ ಹಳೆಯ ಡ್ಯೂಟಿ ರೇನ್‌ಕೋಟನ್ನು ಅವನ ಹೆಗಲ ಮೇಲೆ ಎಸೆದ.

ಲಗಮವ್ವ ಮತ್ತೆ ಗಾಜಿನ ಮುಂದೆ ಕುಳಿತಳು. ಒಳಗೆಲ್ಲ ಹಸಿ ಉಣ್ಣೆಯ ವಾಸನೆ. ಒಂದು ಮರಿ ಅವಳ ಬೆರಳು ಚೀಪುತ್ತಿತ್ತು. ಮಳೆಯ ಪರದೆಯ ಆಚೆ ಆ ಬೆನ್ನು ಒಮ್ಮೆ ಕಾಣುತ್ತಿತ್ತು, ಒಮ್ಮೆ ಮಾಯವಾಗುತ್ತಿತ್ತು. ಅದು ಮಾಳಿಂಗರಾಯನದೋ ತನ್ನ ಅಪ್ಪನದೋ ಇಪ್ಪತ್ತು ವರ್ಷದ ತನ್ನದೋ ಅವಳಿಗೆ ಗೊತ್ತಾಗಲಿಲ್ಲ. ಕಣ್ಣೀರು ಬಂತು, ಆದರೆ ದುಃಖವೇನೂ ಆಗಿರಲಿಲ್ಲ.

ಒಂದು ಗಂಟೆಯಲ್ಲಿ ಮಳೆ ನಿಂತು ಹೊಳವಾಯಿತು. ಮಾಳಿಂಗರಾಯ ಬಾಗಿಲಲ್ಲೇ ನಿಂತು ಎರಡು ಕಪ್ಪು ಚಹಾ ಕುಡಿದು, ಮರಿಗಳನ್ನು ತೆಗೆದುಕೊಂಡು ಹೋದ. ಮುಂದಿನ ಹಳ್ಳ ತುಂಬಿ ರಸ್ತೆಯ ಮೇಲೆ ಹರಿಯುತ್ತಿರುತ್ತದೆ ಎಂದು ಅವನೇ ಹೇಳಿದ್ದರಿಂದ ಇವರಿಬ್ಬರೂ ಅಲ್ಲೇ ಉಳಿದರು.

ಸಂಜೆಬೆಳಕಿನಲ್ಲಿ ಬಾಗಲಕೋಟೆಯಿಂದ ಮಗಳು ಭಾಗ್ಯಾ ಫೋನ್ ಮಾಡಿದಳು. "ಯವ್ವಾ, ಎಲ್ಲಿ ಮುಟ್ಟೀರಿ?"

"ಎಲ್ಲೂ ಮುಟ್ಟಿಲ್ಲವಾ. ಇನ್ನೂ ಮಳ್ಯಾಗ ಅದೇವಿ," ಎಂದಳು ಲಗಮವ್ವ.

ಹೊರಗೆ ಆಕಾಶ ತಿಳಿಯಾಗಿತ್ತು. ಅಮಸಿದ್ದಪ್ಪ ಹೆಂಡತಿಯ ಮುಖ ನೋಡಿದ, ತಿದ್ದಲು ಹೋಗಲಿಲ್ಲ. ಮರುದಿನ ಬೆಳಿಗ್ಗೆ ಹಳ್ಳ ಇಳಿದಿತ್ತು. ಆದರೂ ಅವರು ಹೊರಟದ್ದು ಮಧ್ಯಾಹ್ನದ ಊಟ ಮಾಡಿದ ಮೇಲೆಯೇ.