ನೋವಿರುತ್ತೆ, ಬಾಧೆ ಇರಲ್ಲ

ಬೆಳಗಿನ ಐದೂಮುಕ್ಕಾಲು. ಚಿಂತಾಮಣಿಯ ನರ್ಸಿಂಗ್ ಹೋಮೊಂದರ ಹೆರಿಗೆ ಕೋಣೆಯಲ್ಲಿ ಕೆಂಚಾರ್ಲಹಳ್ಳಿಯ ಚಿಕ್ಕವೆಂಕಟಮ್ಮ ಮಂಚದ ಕಂಬಿ ಹಿಡಿದು ಕೂತಿದ್ದಾರೆ. ಚೊಚ್ಚಲ ಹೆರಿಗೆ. ಒಂದು ಕೈಗೆ ಗ್ಲೂಕೋಸ್ ಬಾಟಲಿಯ ಪೈಪು ಸಿಕ್ಕಿಸಿದೆ, ಇನ್ನೊಂದು ಕೈಯನ್ನು ಆಯಾ ಮಹಮೂದಾ ಹಿಡಿದುಕೊಂಡಿದ್ದಾರೆ.

"ರಾತ್ರಿ ನೋವು ಬರ್ಲಿ ಅಂತ ಬಾಟ್ಲಿಗೆ ಔಷಧಿ ಹಾಕಿದ್ರಿ. ಈಗ ನೋವು ಹೋಗ್ಲಿ ಅಂತ ಬೆನ್ನಿಗೆ ಸೂಜಿ ಚುಚ್ತೀವಿ ಅಂತೀರಿ. ಬರ್ಬೇಕೋ ಹೋಗ್ಬೇಕೋ, ಮೊದ್ಲು ನೀವ್ನೀವೇ ಒಂದು ತೀರ್ಮಾನಕ್ಕೆ ಬನ್ನಿ ಆಯಮ್ಮ," ಎನ್ನುತ್ತಾರೆ ಚಿಕ್ಕವೆಂಕಟಮ್ಮ.

ಪ್ರಶ್ನೆ ನ್ಯಾಯವಾಗಿಯೇ ಇದೆ. ಮಹಮೂದಾ ನಗುವುದಿಲ್ಲ. ಆಕೆಯ ಹಣೆ ಒರೆಸಿ, ಮಾತನ್ನು ತೆಲುಗಿಗೆ ಹೊರಳಿಸುತ್ತಾರೆ. "ನೊಪ್ಪುಲು ಉಂಟಾಯಮ್ಮಾ, ಬಾಧ ಉಂಡದು." ನೋವಿರುತ್ತೆ, ಬಾಧೆ ಇರಲ್ಲ ಎಂದರ್ಥ. ಆಮೇಲೆ ಕಿವಿಯ ಹತ್ತಿರ ಬಾಗಿ ಇನ್ನೂ ಒಂದು ಮಾತು ಹೇಳುತ್ತಾರೆ. ಚಿಕ್ಕವೆಂಕಟಮ್ಮ ಇನ್ನೊಂದು ನೋವು ಬಂದು ಹೋಗುವ ತನಕ ಯೋಚಿಸಿ, ಬೇಡ ಎಂದು ತಲೆಯಾಡಿಸುತ್ತಾರೆ. ಮಹಮೂದಾ ಅವರ ಸೊಂಟ ನೀವಲು ಕೂರುತ್ತಾರೆ.

ಮಹಮೂದಾ ಅವರಿಗೆ ಈಗ, ಈ ತೊಂಬತ್ತೇಳರಲ್ಲಿ, ನಲವತ್ತಾರು ವರ್ಷ. ಗಂಡ ದಸ್ತಗಿರ್ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುತ್ತಿದ್ದವರು. ಗೂಡು ಬೇಯಿಸುವ ಹಬೆ ಕುಡಿದು ಕುಡಿದು ಉಬ್ಬಸ ಹಿಡಿದು ಮನೆಯಲ್ಲಿ ಕೂತರು. ಆಗ ಈಕೆ ಇಲ್ಲಿ ಆಯಾ ಆಗಿ ಸೇರಿಕೊಂಡರು. ಸೇರಿ ಹನ್ನೊಂದು ವರ್ಷವಾಯಿತು. ತಿಂಗಳಿಗೆ ಇಪ್ಪತ್ತೈದು ಹೆರಿಗೆ ಎಂದರೂ ಮೂರು ಸಾವಿರ ದಾಟುತ್ತದೆ. ರಕ್ತದ ಬಟ್ಟೆ ಒಗೆಯುವುದು, ಕೂಸು ತೊಳೆಯುವುದು, ಹೆಣ್ಣು ಮಗು ಎಂದು ಮುಖ ತಿರುಗಿಸಿದ ಅಪ್ಪಂದಿರ ಕೈಗೆ ಗದರಿ ಮಗು ಕೊಡುವುದು, ಎಲ್ಲ ಇವರ ಪಾಲಿನದೇ. ಹುಟ್ಟಿದ ಮಗುವಿನ ಜೊತೆ ಫೋಟೋ ತೆಗೆಸಿಕೊಳ್ಳುವಾಗ ಮಾತ್ರ ಯಾರಿಗೂ ಇವರ ನೆನಪಾಗುವುದಿಲ್ಲ.

ಬೆನ್ನಿನ ಸೂಜಿ ಇಲ್ಲಿಗೆ ಬಂದದ್ದು ಮೂರು ವರ್ಷದ ಹಿಂದೆ, ಅರಿವಳಿಕೆ ವೈದ್ಯ ಸತ್ಯಮೂರ್ತಿ ಅವರ ಜೊತೆ. ಊರಿನವರ ಬಾಯಲ್ಲಿ ಅವರು 'ಮತ್ತು ಡಾಕ್ಟ್ರು'. ಫೋನ್ ಮಾಡಿದರೆ ಚಿಕ್ಕಬಳ್ಳಾಪುರದಿಂದ ಒಂದು ಗಂಟೆಯಲ್ಲಿ ಬರುತ್ತಾರೆ. ಬಂದ ಮೊದಲ ವಾರವೇ ಹೆರಿಗೆಗೆ ಬಂದ ಒಬ್ಬ ಹೆಂಗಸಿಗೆ, "ನಿಮ್ಮ ನೋವು ನಿಲ್ಲಿಸ್ತೀನಿ," ಎಂದು ಪ್ರೀತಿಯಿಂದಲೇ ಹೇಳಿದರು. ಗಂಡ ಕೋನಪ್ಪ ಹೆದರಿ ಹೆಂಡತಿಯನ್ನು ಎತ್ತಿಕೊಂಡು ಹೊರಟೇಬಿಟ್ಟರು. ಈ ಸೀಮೆಯಲ್ಲಿ ಹೆರಿಗೆ ಶುರುವಾಯಿತು ಎಂದು ಯಾರೂ ಅನ್ನುವುದಿಲ್ಲ, ನೋವು ಬಂತು ಎನ್ನುತ್ತಾರೆ. ನೋವು ನಿಂತಿತು ಎಂದರೆ ಮಗು ಒಳಗೇ ಉಳಿಯಿತು ಎಂದೇ ಲೆಕ್ಕ. ಕೋನಪ್ಪನ ಮಗು ದಾರಿಯಲ್ಲಿ, ಟೆಂಪೋದಲ್ಲೇ ಹುಟ್ಟಿತು. ಪುಣ್ಯಕ್ಕೆ ತಾಯಿ ಮಗು ಇಬ್ಬರೂ ಉಳಿದುಕೊಂಡರು.

"ಡಾಕ್ಟ್ರ ತಪ್ಪಿಲ್ಲ, ಕೋನಪ್ಪಂದೂ ತಪ್ಪಿಲ್ಲ," ಎನ್ನುತ್ತಾರೆ ಮಹಮೂದಾ. "ಕನ್ನಡದಾಗೂ ನೋವು, ತೆಲುಗ್ನಾಗೂ ನೊಪ್ಪುಲು, ನಮ್ಮನೇಲೂ ದರ್ದಾಂ. ಹೆರೋದಕ್ಕೂ ಅದೇ ಮಾತು, ಸಂಕಟಕ್ಕೂ ಅದೇ ಮಾತು. ಅದಕ್ಕೆ ನಾನು ಎರಡನ್ನೂ ಬೇರೆ ಮಾಡ್ದೆ." ಹೆರುವ ನೋವು ಒಂದು ಕಡೆ, ಸಂಕಟದ ಬಾಧೆ ಇನ್ನೊಂದು ಕಡೆ. ಸೂಜಿ ಬೇಕೇ ಎಂದು ಡಾಕ್ಟರು ಮೂರು ವರ್ಷದಲ್ಲಿ ಅರವತ್ತಮೂರು ಹೆಂಗಸರನ್ನು ಇವರ ಬಾಯಿಂದಲೇ ಕೇಳಿಸಿದ್ದಾರೆ. ಹೂಂ ಎಂದವರು ಹತ್ತೊಂಬತ್ತು. ಸೂಜಿ ಹೋಗುವಾಗ ಅಷ್ಟೂ ಜನರ ಬೆನ್ನು ಬಾಗಿಸಿ, ಅಲುಗದ ಹಾಗೆ ಎದೆಗೆ ಒತ್ತಿ ಹಿಡಿದವರು ಮಹಮೂದಾ.

ಹಾಗೆಂದು ಮಹಮೂದಾ ಅವರಿಗೆ ಸೂಜಿಯ ಬಗ್ಗೆ ಗೊಂದಲವೇ ಇಲ್ಲ ಎಂದುಕೊಳ್ಳಬೇಡಿ. ಸೂಜಿ ತೆಗೆದುಕೊಂಡವರಲ್ಲಿ ಕೆಲವರು ಬಾಣಂತನ ಮುಗಿದ ಮೇಲೂ ಬೆನ್ನು ಹಿಡಿದುಕೊಂಡೇ ಬರುತ್ತಾರೆ. ಡಾಕ್ಟರನ್ನು ಕೇಳಿದರೆ, ಹೆತ್ತವರಿಗೆಲ್ಲ ಬೆನ್ನು ನೋಯುತ್ತದೆ, ಸೂಜಿಯಿಂದ ಅಲ್ಲ ಎನ್ನುತ್ತಾರೆ. ಸೂಜಿ ಇಲ್ಲದೆ ಹೆತ್ತವರೂ ಬೆನ್ನು ಹಿಡಿದುಕೊಂಡು ಬರುವುದು ನಿಜವೇ. ಯಾರನ್ನು ನಂಬುವುದು? ಮಹಮೂದಾ ಯಾರಿಗೂ ತಗೋ ಎಂದಿಲ್ಲ, ಬೇಡ ಎಂದೂ ಇಲ್ಲ.

ಹೋದ ತಿಂಗಳು ಒಂದು ಮಧ್ಯಾಹ್ನ ಅದೇ ಮಂಚದ ಮೇಲೆ ಅವರ ಮಗಳು ಜಾಹಿದಾ ಇದ್ದಳು. ಇಪ್ಪತ್ತೊಂದು ವರ್ಷ. ಶಿಡ್ಲಘಟ್ಟದಲ್ಲಿ ದಿನವಿಡೀ ಬಿಸಿನೀರ ತೊಟ್ಟಿಯ ಮುಂದೆ ಕೂತು ನೂಲು ತೆಗೆಯುವ ಹುಡುಗಿ. "ನಾವೆಲ್ಲ ಹೆರ್ಲಿಲ್ವಾ? ಸೂಜಿಗೀಜಿ ಏನೂ ಬೇಡ," ಎಂದು ಅತ್ತೆ ಹಮೀದಾ ಬೇಗಂ ಬಾಗಿಲಲ್ಲೇ ಹೇಳಿಬಿಟ್ಟಿದ್ದರು. ಡಾಕ್ಟರಿಗೆ ಫೋನ್ ಮಾಡುವುದಾದರೆ ಆ ಕ್ಷಣವೇ ಮಾಡಬೇಕು. ತಡವಾದರೆ ಸೂಜಿಯ ಹೊತ್ತು ಮೀರುತ್ತದೆ.

"ಅಮ್ಮೀ, ಏನ್ ಮಾಡ್ಲಿ?" ಎಂದಳು ಜಾಹಿದಾ.

ಮಹಮೂದಾ ಬಾಯಿಗೆ ಬಂದದ್ದು ಅಭ್ಯಾಸದ ಮಾತು. ದರ್ದಾಂ ಇರುತ್ತವೆ, ತಕ್ಲೀಫ್ ಇರುವುದಿಲ್ಲ. ಕಾಲು ಭಾರ ಅನ್ನಿಸಬಹುದು, ಚಳಿ ಬರಬಹುದು.

"ನಾನು ಅಮ್ಮೀನ ಕೇಳಿದ್ರೆ ಆಯಮ್ಮ ಉತ್ತರ ಕೊಡ್ತಾ ಇದ್ದಾಳೆ," ಎಂದು ಜಾಹಿದಾ ಮುಖ ಆ ಕಡೆ ತಿರುಗಿಸಿದಳು.

ಆ ಮಾತು ತಾಯಿಯ ಕರುಳಿಗೇ ತಾಕಿತು. ಹೂಂ ಎಂದು ನಾಳೆ ಬೆನ್ನು ಹೋದರೆ? ತೊಟ್ಟಿಯ ಮುಂದೆ ಕೂರುವವಳಿಗೆ ಬೆನ್ನೇ ಅನ್ನ. ಬೇಡ ಎಂದರೆ, ತಪ್ಪಿಸಬಹುದಾದ ಸಂಕಟವನ್ನು ಮಗಳಿಗೆ ತಾನೇ ಕೊಟ್ಟಂತೆ. ಅರವತ್ತಮೂರು ಜನರ ಮುಂದೆ ತಡವರಿಸದ ಹೆಂಗಸು ಮಗಳ ಮುಂದೆ ತಡವರಿಸಿದರು.

"ನಂಗೊತ್ತಿಲ್ಲ ಕಣಮ್ಮ. ನಂಗೆ ಎರಡಕ್ಕೂ ಭಯ ಆಗ್ತೈತೆ," ಎಂದರು ಕೊನೆಗೆ.

ಜಾಹಿದಾ ತಿರುಗಿ ತಾಯಿಯ ಮುಖವನ್ನೇ ನೋಡಿದಳು. ಇನ್ನೊಂದು ನೋವು ಬಂತು, ಹಲ್ಲುಕಚ್ಚಿ ತಡೆದಳು. ಅದು ಇಳಿದ ಮೇಲೆ, "ಫೋನ್ ಮಾಡ್ಸು. ನಂಗೆ ಬೇಕು. ಅತ್ತೆಗೆ ನಾನೇ ಹೇಳ್ತೀನಿ," ಎಂದಳು. ಸಹಿಯನ್ನೂ ತಾನೇ ಹಾಕಿದಳು. ಸೂಜಿ ಹೋಗುವಾಗ ಹಿಡಿದುಕೊಂಡದ್ದು ಮಹಮೂದಾ ಅವರೇ. ಇಪ್ಪತ್ತನೆಯ ಬೆನ್ನು ಎಂದು ಎಣಿಸಲು ಅವರಿಗೆ ಮನಸ್ಸು ಬರಲಿಲ್ಲ. ಸಂಜೆ ಆರರ ಹೊತ್ತಿಗೆ ಹೆಣ್ಣು ಮಗುವಾಯಿತು.

ಮಗಳು ಈಗ ಬಾಣಂತನಕ್ಕೆ ತಾಯಿಯ ಮನೆಯಲ್ಲಿದ್ದಾಳೆ. ಬೆನ್ನು ಒಮ್ಮೊಮ್ಮೆ ನೋಯುತ್ತದೆ. ಸೂಜಿಯಿಂದಲೋ, ಹೆತ್ತದ್ದರಿಂದಲೋ, ಯಾರಿಗೆ ಗೊತ್ತು? ಹಮೀದಾ ಬೇಗಂ ಅವರಿಗೆ ಮಾತ್ರ ಚೆನ್ನಾಗಿ ಗೊತ್ತು.

"ಸರಿಯಾಯ್ತೋ ತಪ್ಪಾಯ್ತೋ, ನಂಗೆ ಇವತ್ತಿಗೂ ತಿಳೀಲಿಲ್ಲ," ಎನ್ನುತ್ತಾರೆ ಮಹಮೂದಾ, ಒಗೆದ ಬಟ್ಟೆ ಹಿಂಡುತ್ತಾ. "'ಅಮ್ಮೀ, ನಿಂಗೂ ಗೊತ್ತಿಲ್ಲ ಅಂದ್ಯಲ್ಲ, ಆಗ್ಲೇ ನಂಗೆ ಧೈರ್ಯ ಬಂದಿದ್ದು' ಅಂತಾಳೆ ಜಾಹಿದಾ. ಅದಕ್ಕೇ ಈಗ ಎಲ್ರಿಗೂ ಎಲ್ಲಾ ಹೇಳಾದ್ಮೇಲೆ ಒಂದು ಮಾತು ಸೇರಿಸ್ತೀನಿ. 'ನಂಗೂ ಗೊತ್ತಿಲ್ಲ ಕಣಮ್ಮ, ಮೈ ನಿಂದು, ನೀನು ಹೇಳೋ ಗಂಟ ಯಾರೂ ನಿನ್ನ ಮುಟ್ಟದಂಗೆ ನಾನು ಇಲ್ಲೇ ನಿಂತಿರ್ತೀನಿ.'"