ಹೊಕ್ಕುಳಿಗೊಂದು ತೊಟ್ಟು ಎಣ್ಣೆ

ಯಜಮಾನರ ಮೂತ್ರದಲ್ಲಿ ರಕ್ತ ಕಂಡ ದಿನದಿಂದ ನಾನು ಅವರ ಅಂಗಿ ಮೂಸಲು ಶುರು ಮಾಡಿದೆ. ಸಿಗರೇಟು ಸೇದುವವರಿಗೆ ಮೂತ್ರಕೋಶದ ಕ್ಯಾನ್ಸರ್ ಬರುತ್ತೆ ಅಂತ ಯಾರೋ ಹೇಳಿದ್ದರು. ಅವರು ವಸಂತನರಸಾಪುರದ ಫ್ಯಾಕ್ಟರಿಯಿಂದ ಮನೆಗೆ ಬಂದ ಕೂಡಲೇ ಜೇಬು ತಡಕುತ್ತಿದ್ದೆ.

"ಜನ್ಮದಲ್ಲಿ ಮುಟ್ಟಿಲ್ಲ ಕಣೇ" ಅಂದರು. ನಾನು ನಂಬಲಿಲ್ಲ.

ಗುಬ್ಬಿ ಬಿಟ್ಟು ಮೊದಲಿಂದಲೂ ನಮ್ಮ ಜೊತೆಗೇ ಇರುವ ಅತ್ತೆ ನನಗಿಂತ ಒಂದು ಕೈ ಮೇಲು. ಫ್ಯಾಕ್ಟರಿ ನೀರು, ಕ್ಯಾತ್ಸಂದ್ರದ ಹೋಟೆಲ್ ಊಟ, ನನ್ನ ಸಾರಿನ ಖಾರ, ಎಲ್ಲದರ ಮೇಲೂ ಗುಮಾನಿ. ಶನಿವಾರ ಮಾತ್ರ ತೆಪ್ಪಗೆ, ಎಂದಿನ ಹಾಗೆಯೇ, ನಲವತ್ತು ದಾಟಿದ ಮಗನನ್ನು ಮಣೆ ಮೇಲೆ ಕೂರಿಸಿ, ತಲೆಗೆ ಹರಳೆಣ್ಣೆ ಒತ್ತಿ, ಹೊಕ್ಕುಳಿಗೂ ಒಂದು ತೊಟ್ಟು ಬಿಡುತ್ತಿದ್ದರು. ಮುದ್ದು ಜಾಸ್ತಿಯಾಯಿತು ಅಂತ ನನಗೆ ಸಿಟ್ಟು.

ಬಯಾಪ್ಸಿ ರಿಪೋರ್ಟ್ ನೋಡಿ ಡಾಕ್ಟರಮ್ಮ, "ಇದು ಮೂತ್ರಕೋಶದಲ್ಲಿ ಸಾಮಾನ್ಯವಾಗಿ ಬರೋ ಕ್ಯಾನ್ಸರ್ ಅಲ್ಲ. ಕರುಳಲ್ಲಿ ಹುಟ್ಟಿ ಇಲ್ಲಿಗೆ ಬಂದಿರಬಹುದು. ಎಲ್ಲಿ ಹುಟ್ಟಿತು ಅಂತ ಗೊತ್ತಾಗದೆ ಎಲ್ಲಿ ಆಪರೇಷನ್ ಮಾಡಲಿ?" ಅಂದರು. ಕರುಳಿಗೆ ಪೈಪ್ ಬಿಟ್ಟು ನೋಡಿದರೆ ಏನೂ ಇರಲಿಲ್ಲ. ಆ ಬಯಾಪ್ಸಿ ರಿಪೋರ್ಟ್ ಬೇರೆ ಯಾರದೋ ಇರಬೇಕು ಅಂತ ಹೆಸರನ್ನು ಮೂರು ಸಲ ಓದಿದೆ.

ಸ್ಕ್ಯಾನ್‌ನಲ್ಲಿ ಗಡ್ಡೆ ಮೂತ್ರಕೋಶದ ನೆತ್ತಿಯಲ್ಲಿ, ಹೊಕ್ಕುಳಿನ ನೇರಕ್ಕಿತ್ತು. ಡಾಕ್ಟರಮ್ಮ ಕೇಳಿದರು: "ಮಗುವಾಗಿದ್ದಾಗ ಇವರ ಹೊಕ್ಕುಳು ಒದ್ದೆಯಾಗ್ತಿತ್ತಾ?"

ಅತ್ತೆ ನೆಲ ನೋಡಿದರು. ನನ್ನ ಅನುಮಾನ ಈಗ ಅವರ ಕಡೆ ತಿರುಗಿತು.

"ಹೇಳಿ ಅತ್ತೆ."

"ಎರಡು ವರ್ಷ ತುಂಬೋಗಂಟ ಆಗ್ತಿತ್ತು. ಮೂಸಿದ್ರೆ ಉಚ್ಚೆ ವಾಸ್ನೆ. ಐಬಿರೋ ಮಗು ಅಂತ ವಾರಗಿತ್ತೀರು ಆಡ್ಕೊತಾರೆ ಅಂತ ಬಟ್ಟೆ ಕಟ್ಟಿ ಎಣ್ಣೆ ಬುಟ್ಟೆ. ನಿಂತೋಯ್ತು. ಯಾರ್ಗೂ ಹೇಳ್ಲಿಲ್ಲ. ಮತ್ತೆ ಬಂದೈತಾ ಅಂತ ಶನಿವಾರ ಶನಿವಾರ ನೋಡ್ತಿದ್ದೆ."

ಹೊಟ್ಟೆಯೊಳಗಿನ ಕೂಸಿಗೆ ಹೊಕ್ಕುಳಿನಿಂದ ಮೂತ್ರಕೋಶಕ್ಕೆ ಒಂದು ನಾಳ ಇರುತ್ತದಂತೆ, ಹುಟ್ಟುವಷ್ಟರಲ್ಲಿ ಮುಚ್ಚಿಕೊಳ್ಳುತ್ತದಂತೆ. ಇವರದು ಪೂರ್ತಿ ಮುಚ್ಚಿಕೊಂಡಿರಲಿಲ್ಲ. ಕರುಳಿನದರಂತೆ ಕಂಡ ಕ್ಯಾನ್ಸರ್ ಹುಟ್ಟಿದ್ದು ಅದರ ಉಳಿಕೆಯಲ್ಲಿ. ಹೊಕ್ಕುಳಿನ ಸಮೇತ ಗಡ್ಡೆ, ನಾಳ ಎಲ್ಲ ತೆಗೆದರು.

ಮೂರು ತಿಂಗಳ ಮೇಲೆ ಮತ್ತೆ ಎಣ್ಣೆಸ್ನಾನ. ಅತ್ತೆಯ ಎಣ್ಣೆಬೆರಳು ಅಭ್ಯಾಸದಂತೆ ಹೊಟ್ಟೆಗಿಳಿದು, ಹೊಲಿಗೆಯ ಗೆರೆ ಮುಟ್ಟಿ ನಿಂತುಬಿಟ್ಟಿತು. ಯಜಮಾನರು ಆ ಕೈ ಹಿಡಿದುಕೊಂಡರು. ನನಗೆ ವಿಪರೀತ ನಾಚಿಕೆಯಾಯಿತು. ಅತ್ತೆ ಬಾಯಿ ಬಿಡದಿದ್ದರೂ ಅಷ್ಟು ವರ್ಷ ಸರಿಯಾದ ಜಾಗವನ್ನೇ ನೋಡುತ್ತಿದ್ದರು. ನಾನು ಜೇಬು ನೋಡುತ್ತಿದ್ದೆ.